ಕಾಫಿ ಕಣದಲ್ಲಿ ಕಡಂಬುಟ್ಟು

ಕೊಡಗಿನ ಕಕ್ಕಬ್ಬೆ ಕಡೆಯ ಕಾಫಿ ತೋಟವೊಂದರಲ್ಲಿ ನಾವು ಟೆಂಟ್ ಹಾಕಿದ್ದು ಜನವರಿಯಲ್ಲಿ, ರೋಬಸ್ಟಾ ಕೊಯ್ಲಿನ ಹೊತ್ತಿಗೆ. ಸಿಲ್ವರ್ ಓಕ್ ಎಲೆ ಕಾಲಿಟ್ಟಲ್ಲೆಲ್ಲ ಚರಚರ ಅನ್ನುತ್ತಿತ್ತು. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಬಂದವರೇ ಮೊದಲು ನೋಡಿದ್ದು ನಮ್ಮ ಸ್ಟೌವನ್ನು. "ಗಿಡದ ಹತ್ರ ಬೆಂಕಿ ಬೇಡಮ್ಮ. ಕಣದ ಆ ಮೂಲೆ ಖಾಲಿ ಇದೆ, ಅಲ್ಲೇ ಮಾಡ್ಕೊಳ್ಳಿ."

ಭಾವನಿಗೆ ಸ್ಟೌ ಸಾಲದು, ಮೂರು ಕಲ್ಲಿನ ಒಲೆಯೇ ಬೇಕು. ತೊರೆಯಿಂದ ಕಲ್ಲು ಹೊತ್ತು ತಂದರು. ರೈಟರ್ ಅದನ್ನೂ ಒಪ್ಪಲಿಲ್ಲ. ನೀರಲ್ಲಿ ಬಿದ್ದಿದ್ದ ಕಲ್ಲಿನ ಬಿರುಕಿನಲ್ಲಿ ನೀರು ಕೂತಿರುತ್ತೆ, ಕಾದಾಗ ಅದು ಆವಿಯಾಗಿ ಕಲ್ಲೇ ಸಿಡಿಯಬಹುದು ಅಂದರು. ಕಲ್ಲು ವಾಪಸು ಹೋಯಿತು.

ರಾತ್ರಿಗೆ ಕಡಂಬುಟ್ಟು, ಅಂದರೆ ಅಕ್ಕಿತರಿಯ ಉಂಡೆ ಕಟ್ಟಿ ಆವಿಯಲ್ಲಿ ಬೇಯಿಸುವ ಕೊಡಗಿನ ಕಡುಬು. ಅದರ ಜೊತೆಗಿನ ಪಂದಿ ಕರಿಯನ್ನು (ಹಂದಿ ಮಾಂಸದ ಸಾರು) ಮಾತ್ರ ತೋಟದ ಮನೆಯಲ್ಲೇ ಮಾಡಿಸಿಕೊಂಡೆವು. ಹಸಿ ಮಾಂಸ ಮುಟ್ಟಿದ ಕೈಯನ್ನೂ ಉಂಡೆ ಕಟ್ಟುವ ಮಕ್ಕಳ ಕೈಯನ್ನೂ ಒಂದೇ ಬಕೆಟ್ ನೀರಿನಲ್ಲಿ ತೊಳೆಯುವುದು ನನಗೆ ಒಗ್ಗಲಿಲ್ಲ. ಸ್ಟೌ ಸುತ್ತ ಸೀಮೆಸುಣ್ಣದಲ್ಲಿ ದೊಡ್ಡ ಗೆರೆ ಎಳೆದೆ. ಗೆರೆಯೊಳಗೆ ನಾನೊಬ್ಬಳೇ. ಹೊರಗೆ ಅಕ್ಕನ ಮಕ್ಕಳು, ಬೆಂದು ಆರಿದ ಅಕ್ಕಿತರಿಯ ಮುಂದೆ. "ದೂರ ಹೋಗಿ" ಅಂತ ಎಷ್ಟು ಕೂಗಿದರೂ ಕೇಳದ ಮಕ್ಕಳು ಕೈಗೆ ಕೆಲಸ ಬಂದರೆ ಕೂತಲ್ಲೇ ಕೂರುತ್ತಾರೆ. ಉಂಡೆಗಳು ಒಂದು ನಿಂಬೆಯಷ್ಟು, ಇನ್ನೊಂದು ತೆಂಗಿನಕಾಯಿಯಷ್ಟು. ದೊಡ್ಡವನ್ನು ಒಡೆದು ಮತ್ತೆ ಕಟ್ಟಿಸಿದೆ, ಇಲ್ಲದಿದ್ದರೆ ನಡುವೆ ಬೇಯುವುದಿಲ್ಲ.

ಇಡ್ಲಿ ಪಾತ್ರೆಯಲ್ಲೂ ಸಣ್ಣದನ್ನೇ ಆರಿಸಿಕೊಂಡಿದ್ದೆ. ಈ ಪುಟ್ಟ ಸ್ಟೌಗಳಲ್ಲಿ ಗ್ಯಾಸ್ ಡಬ್ಬಿ ಉರಿಯ ಪಕ್ಕದಲ್ಲೇ ಇರುತ್ತದೆ. ಪಾತ್ರೆ ಅಗಲವಾಗಿ ಡಬ್ಬಿಯ ಮೇಲೆ ಚಾಚಿಕೊಂಡರೆ ಕಾವೆಲ್ಲ ಅದಕ್ಕೇ ಬಡಿಯುತ್ತದೆ, ಡಬ್ಬಿ ಒಡೆಯುವ ಅಪಾಯ.

ಉರಿ ಅಂದರೆ ಮಕ್ಕಳಿಗೆ ಭಯ ಇದ್ದೇ ಇದೆ. ಆವಿ ಅಂದರೆ ಇಲ್ಲ. ಸ್ಟೌ ಆರಿಸಿದ ಕೂಡಲೇ ಚಿಕ್ಕವಳು "ಚಿಕ್ಕಮ್ಮ, ಆಯ್ತಾ?" ಅನ್ನುತ್ತ ಗೆರೆ ದಾಟಿ ಬಂದಳು. ಹಿಂದಕ್ಕೆ ಕಳಿಸಿ, ಮುಚ್ಚಳವನ್ನು ಮಕ್ಕಳಿಲ್ಲದ ಕಡೆಗೆ ಓರೆ ಮಾಡಿ ಎತ್ತಿ ತೋರಿಸಿದೆ. ಭುಸ್ಸೆಂದು ಎದ್ದ ಆವಿ ನೋಡಿ ತಾನಾಗಿಯೇ ಎರಡು ಹೆಜ್ಜೆ ಹಿಂದೆ ಸರಿದಳು.

ಉಳಿದ ಅನ್ನ, ಸಾರು, ಎಂಜಲು ಪಾತ್ರೆ ಎಲ್ಲ ಕತ್ತಲಾಗುವ ಮೊದಲೇ ತೋಟದ ಮನೆಗೆ ಹೋದವು. ಆನೆ ಓಡಾಡುವ ಕಡೆ ಟೆಂಟಿನ ಬಳಿ ಊಟದ ವಾಸನೆ ಉಳಿಸಬಾರದು.

ಒಂಬತ್ತಾಗುವಷ್ಟರಲ್ಲಿ ಚಳಿ. ಸ್ಟೌವನ್ನು ಟೆಂಟಿನೊಳಗೆ ತಂದು ಕಾಫಿ ಕಾಯಿಸೋಣ ಅಂತ ಭಾವ. "ಲೀಕ್ ಆದ್ರೆ ವಾಸನೆ ಬರತ್ತಲ್ಲ, ಗೊತ್ತಾಗತ್ತೆ." ಆ ವಾಸನೆ ಉರಿಯದೆ ಸೋರುವ ಗ್ಯಾಸಿನದು. ಮುಚ್ಚಿದ ಜಾಗದಲ್ಲಿ ಸ್ಟೌ ಉರಿಸಿದರೆ ತುಂಬಿಕೊಳ್ಳುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಲೆನೋವು, ಮಂಪರು ಬಂತು ಅನ್ನುವಷ್ಟರಲ್ಲಿ ಎದ್ದು ಹೊರಬರುವ ಶಕ್ತಿಯೇ ಇರದೆ ಹೋಗಬಹುದು. ಪಕ್ಕದಲ್ಲಿ ಮಕ್ಕಳು ಮಲಗಿರುವಾಗ ಈ ವಿಷಯದಲ್ಲಿ ಚರ್ಚೆ ಇಲ್ಲ ಅಂದೆ.

ಭಾವ ಕಂಬಳಿ ಹೊದ್ದು ಕಣಕ್ಕೇ ಬಂದರು. ಬೆಲ್ಲದ ಕಾಫಿ ಕುದಿಯುವ ತನಕ ಗೊಣಗಿದರು, ಆಮೇಲೆ ಇನ್ನರ್ಧ ಲೋಟ ಕೇಳಿದರು.