ಕಪಾಟಿನ ವಾಸನೆ, ಅತ್ತೆಯ ಖಿಡಕಿ

ಮೇ 11, 2025, ರವಿವಾರ
ನವನಗರ, ಬಾಗಲಕೋಟೆ

ಹೊಸ ಪ್ಲೈವುಡ್ ಕಪಾಟು ಬಂದು ಎಂಟು ದಿನ ಆಯ್ತು. ಬಾಗಿಲು ತೆಗೆದರೆ ಸಾಕು, ಕಣ್ಣು ಉರಿಯುತ್ತವೆ. ಪ್ಲೈವುಡ್‌ನ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಎಂಬ ಕಣ್ಣುರಿಸುವ ರಾಸಾಯನಿಕ ಇರುತ್ತದೆ, ಅದು ತಿಂಗಳುಗಟ್ಟಲೆ ನಿಧಾನಕ್ಕೆ ಹೊರಬರುತ್ತಾ ಇರುತ್ತದೆ. ಗಾಳಿ ಶುದ್ಧ ಮಾಡುವ ಗಿಡ ಇಟ್ಟರಾಯ್ತು ಎಂದು ಬಿಸಿಲೇರುವ ಮೊದಲೇ ನರ್ಸರಿಗೆ ಹೋದೆ.

ಅಲ್ಲಿ ಯಾವ ಕುಂಡ ಮುಟ್ಟಿದರೂ ನಾಸಾ ಹೆಸರು! ರಾತ್ರಿ ಓದಿಕೊಂಡೇ ಹೋಗಿದ್ದೆ, ಹಾಗಾಗಿ ನಗು ಬಂತು. ಗಿಡಗಳು ಗಾಳಿ ಶುದ್ಧ ಮಾಡುತ್ತವೆ ಎಂದ 1989ರ ನಾಸಾ ಪ್ರಯೋಗ ಸುಳ್ಳಲ್ಲ. ಆದರೆ ಅವರು ಗಿಡ ಇಟ್ಟಿದ್ದು ಗಾಳಿಯಾಡದ ಪೆಟ್ಟಿಗೆಯಲ್ಲಿ. ಮನೆ ಪೆಟ್ಟಿಗೆ ಅಲ್ವಲ್ಲ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು ಇಂಥ ಹಳೆಯ ಪ್ರಯೋಗಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದರು. ಮನೆಯೊಳಗೆ ತಾನಾಗಿ ಹೋಗಿಬರುವ ಗಾಳಿಯಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕಂತೆ. ನಮ್ಮ ಮಲಗುವ ಕೋಣೆ 10 ಬೈ 12 ಅಡಿ. ಕಡಿಮೆ ಅಂದರೂ 110 ಕುಂಡ. ನಾವೆಲ್ಲಿ ಮಲಗೋದು?

ಆದರೂ ಬರಿಗೈಲಿ ಬರೋಕೆ ಮನಸ್ಸಾಗಲಿಲ್ಲ. ಅರೆಕಾ ಪಾಮ್ ಚಂದ ಇತ್ತು, ಬಿಟ್ಟೆ. ನಮ್ಮದು ಬೋರಿನ ಗಡಸು ನೀರು, ಹೋದ ಸಲ ತಂದದ್ದರ ಎಲೆ ತುದಿಯೆಲ್ಲ ಸುಟ್ಟಂತೆ ಆಗಿತ್ತು. ಮನಿ ಪ್ಲಾಂಟ್ ಮನೆಯಲ್ಲೇ ಇದೆ, ಫ್ರಿಜ್ ಮೇಲೆ. ಅದರ ಎಲೆ ಕಡಿದರೆ ಬೆಕ್ಕಿನ ಬಾಯಿ ಉರಿದು ಜೊಲ್ಲು ಸುರಿಯುತ್ತದೆ. ಕೊನೆಗೆ ತಂದದ್ದು ಸ್ನೇಕ್ ಪ್ಲಾಂಟ್. ಬೆಳಕು ಮಂದ ಇದ್ದರೂ ನಡೆಯುತ್ತದೆ, 15 ದಿನ ನೀರು ಮರೆತರೂ ಸಿಟ್ಟಾಗುವುದಿಲ್ಲ. ಜಾಸ್ತಿ ಹಾಕಿದರೇ ಕಷ್ಟ, ಬುಡ ಕೊಳೆಯುತ್ತದೆ. ಇದೂ ಬೆಕ್ಕಿಗೆ ಆಗಿಬರದ್ದು, ಹಾಗಾಗಿ ಅದೇ ಕಪಾಟಿನ ಮೇಲೆ ಏರಿಸಿದೆ.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. “ಎಂಥಾ ಹುಚ್ಚಿ ಅದೀ ವಾ. ವಾಸ್ನಿ ಹೋಗ್ಬೇಕಂದ್ರ ಮೊದ್ಲ ಖಿಡಕಿ ತೆಗಿ” ಅಂದರು.

ಧೂಳು ಬರುತ್ತದೆ ಎಂದು ಎಂಟು ದಿನದಿಂದ ಕಿಟಕಿ ಮುಚ್ಚಿಟ್ಟವಳು ನಾನೇ. ಸಂಜೆ ಗಾಳಿ ತಣ್ಣಗಾದ ಮೇಲೆ ಎದುರುಬದುರಿನ ಎರಡೂ ಕಿಟಕಿ ತೆಗೆದೆ, ಕಪಾಟಿನ ಬಾಗಿಲನ್ನೂ ಪೂರ್ತಿ ತೆರೆದಿಟ್ಟೆ. ಎರಡು ತಾಸಿಗೆ ಕಣ್ಣುರಿ ಎಷ್ಟೋ ಇಳಿಯಿತು. ಧೂಳೂ ಬಂತು ಅನ್ನಿ. ಸ್ಟೂಲ್ ಹತ್ತಿ ಹೊಸ ಗಿಡದ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಮಣ್ಣಿನ ಬಣ್ಣಕ್ಕೆ ತಿರುಗಿತು, ಎಲೆಯ ಹಳದಿ ಅಂಚು ಮತ್ತೆ ಕಾಣಿಸಿತು. ಕೆಳಗೆ ಬೆಕ್ಕು ಕೂತು ಸ್ಟೂಲಿನ ಎತ್ತರ ಅಳೆಯುತ್ತಿತ್ತು.