ತೋಳಿನ ಮೇಲೆ ತಂತಿ ಬೆಳೆಯುವ ಶಾಟ್: ಮಿಣುಕಾಟ ನಿಂತಿತು

ಮುಂಗೈ ಚರ್ಮದೊಳಗಿನಿಂದ ತಂತಿಗಳು ಮೊಳೆತು ಮೊಣಕೈವರೆಗೆ ಹಬ್ಬುವ, ಫೋಟೊಗಳನ್ನು ಒಂದೊಂದಾಗಿ ತೆಗೆದು ಸಾಲಾಗಿ ಓಡಿಸುವ ಐದು ಸೆಕೆಂಡಿನ ಶಾಟ್ ಕೊನೆಗೂ ಬೆಳಕಿನ ಮಿಣುಕಾಟವಿಲ್ಲದೆ ಕೈಗೆ ಬಂದಿದೆ. ಶಿನ್ಯಾ ತ್ಸುಕಾಮೊತೊ 1989ರಲ್ಲಿ ತೆರೆಗೆ ತಂದ ‘ತೆತ್ಸುವೊ: ದಿ ಐರನ್ ಮ್ಯಾನ್’ ಚಿತ್ರದ ವಿಧಾನಗಳನ್ನು ಮಾಡಿಯೇ ಕಲಿಯಬೇಕೆಂಬ ಆಸೆಯಿಂದ ಈ ಕೆಲಸಕ್ಕೆ ಇಳಿದಿದ್ದೇನೆ. 16 ಎಂಎಂ ಕಪ್ಪು ಬಿಳುಪು ಫಿಲ್ಮಿನ ಆ 67 ನಿಮಿಷಗಳಲ್ಲಿ ಟೋಕಿಯೊದ ಒಬ್ಬ ಆಫೀಸು ನೌಕರನ ದೇಹ ಹಂತಹಂತವಾಗಿ ಗುಜರಿ ಕಬ್ಬಿಣವಾಗುತ್ತದೆ. ಕಥೆ, ನಿರ್ದೇಶನ, ಸಂಕಲನ, ಕಲೆಯ ಕೆಲಸಗಳ ಜೊತೆಗೆ ತನ್ನ ಮೈಗೆ ಲೋಹ ತುರುಕಿಕೊಳ್ಳುವವನ ಪಾತ್ರವನ್ನೂ ತ್ಸುಕಾಮೊತೊ ಅವರೇ ವಹಿಸಿಕೊಂಡರು. ನಾಯಕನ ಗೆಳತಿಯಾಗಿ ನಟಿಸಿದ ಕೇ ಫುಜಿವಾರಾ ಕ್ಯಾಮೆರಾವನ್ನೂ ಹಿಡಿದರು. ಹಣವಿಲ್ಲದಿದ್ದರೂ ಆ ಲೋಹ ಇಂದಿಗೂ ನಿಜವೆನಿಸುವುದು ನಟನ ದೇಹವನ್ನೇ ಫ್ರೇಮಿನಿಂದ ಫ್ರೇಮಿಗೆ ಕದಲಿಸಿ ತೆಗೆದ ಪಿಕ್ಸಿಲೇಷನ್‌ನಿಂದ ಎಂಬುದು ನನ್ನ ದೃಢ ಅಭಿಪ್ರಾಯ.

ತಂತಿಗಳಿಗೆ ಕಪ್ಪು ಬಣ್ಣ ಬಳಿದು ಗ್ರಾಫೈಟ್ ಪುಡಿ ಉಜ್ಜುವ ವಿಧಾನ, ಸೆಕೆಂಡಿಗೆ 24 ಫ್ರೇಮುಗಳನ್ನು ಪ್ರತಿ ಭಂಗಿಗೆ ಎರಡೆರಡಾಗಿ ಹಿಡಿಯುವ ಲೆಕ್ಕ, ಇವೆಲ್ಲ ಈ ಕೆಲಸ ಮಾಡುವವರಿಗೆ ತಿಳಿದದ್ದೇ. ನನ್ನನ್ನು ಕಾಡಿದ್ದು ಮಿಣುಕಾಟ. ಶಟರ್, ಐಎಸ್ಒ, ವೈಟ್ ಬ್ಯಾಲೆನ್ಸ್ ಎಲ್ಲವನ್ನೂ ಮ್ಯಾನ್ಯುವಲ್‌ನಲ್ಲಿ ಬಿಗಿದ ಮೇಲೂ ಓಡಿಸಿ ನೋಡಿದಾಗ ತೋಳು ಬೆಳಗಿ ಕುಂದಿ ಬೆಳಗುತ್ತಿತ್ತು. ತಂತಿ ಬೆಳೆಯುವುದರ ಮೇಲೆ ನಿಲ್ಲಬೇಕಾದ ಕಣ್ಣು ಬೆಳಕಿನ ಕಡೆಗೇ ಹೋಗುತ್ತಿತ್ತು.

ಮೊದಲ ಅನುಮಾನ ಹ್ಯಾಲೊಜೆನ್ ದೀಪಗಳ ಮೇಲೆ ಬಿದ್ದಿತು. ಬಿಸಿ ತಂತಿಯ ದೀಪದಲ್ಲಿ ವೋಲ್ಟೇಜ್ ಶೇಕಡಾ 5ರಷ್ಟು ಇಳಿದರೆ ಬೆಳಕು ಸುಮಾರು ಶೇಕಡಾ 16ರಷ್ಟು ಇಳಿಯುತ್ತದೆ. ಕೆಳಗಿನ ಮನೆಯ ಪಂಪು ಶುರುವಾದರೆ ಸಾಕು, ಶಾಟ್ ಕೆಡುತ್ತದೆ. ಸಾಮಾನ್ಯ ಸ್ಟೆಬಿಲೈಜರ್ ರಿಲೇ ಬದಲಿಸುತ್ತಾ ಮೆಟ್ಟಿಲು ಮೆಟ್ಟಿಲಾಗಿ ಸರಿಪಡಿಸುವುದರಿಂದ ಅದೂ ನೆಗೆತಗಳನ್ನು ಸೇರಿಸುತ್ತದೆ. ಹಾಗಾಗಿ ಕರೆಂಟನ್ನು ಸ್ಥಿರವಾಗಿ ಕೊಡುವ ಡ್ರೈವರ್ ಇರುವ ಎಲ್‌ಇಡಿ ಪ್ಯಾನೆಲ್‌ಗೆ ಬದಲಾದೆ. ಫ್ರೇಮಿನ ಮೂಲೆಯಲ್ಲಿ ಗ್ರೇ ಕಾರ್ಡ್ (ಬೆಳಕನ್ನು ಅಳೆಯಲು ಬಳಸುವ ಬೂದು ಹಾಳೆ) ಇಟ್ಟು ಅದರ ಹೊಳಪನ್ನು ಅಳೆದಾಗ ದೊಡ್ಡ ನೆಗೆತಗಳು ಮಾಯವಾಗಿದ್ದವು, ಆದರೆ ಸಣ್ಣ ನಡುಕ ಉಳಿದೇ ಇತ್ತು. ವೋಲ್ಟೇಜಿನ ಏರುಪೇರಾಗಿದ್ದರೆ ಕೆಲವು ಫ್ರೇಮುಗಳವರೆಗಾದರೂ ಒಂದೇ ಮಟ್ಟ ನಿಲ್ಲಬೇಕಿತ್ತು. ಇದು ಪ್ರತಿ ಫ್ರೇಮಿಗೂ ಗೊತ್ತುಗುರಿಯಿಲ್ಲದೆ ಬದಲಾಗುತ್ತಿತ್ತು.

ದಾರಿ ತೋರಿಸಿದ ಪರೀಕ್ಷೆ ಸರಳವಾದದ್ದು. ಬೆಳಕನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ, ಶಟರನ್ನು ಮುಟ್ಟದೆ, ಲೆನ್ಸಿನ ಅಪರ್ಚರನ್ನು (ಬ್ಲೇಡುಗಳ ನಡುವೆ ಬೆಳಕು ಒಳಬರುವ ಕಿಂಡಿಯನ್ನು) ಪೂರ್ತಿ ತೆರೆದು ಗ್ರೇ ಕಾರ್ಡನ್ನೇ ಸಾಲಾಗಿ ತೆಗೆದಾಗ ನಡುಕ ನಿಂತುಬಿಟ್ಟಿತು. ಕಿಂಡಿಯನ್ನು ಕಿರಿದಾಗಿಸಿ ಎಫ್/8ಕ್ಕೆ ಮರಳಿದೊಡನೆ ನಡುಕವೂ ಮರಳಿತು. ಎಲೆಕ್ಟ್ರಾನಿಕ್ ಲೆನ್ಸಿನ ಬ್ಲೇಡುಗಳು ಪ್ರತಿ ಕ್ಲಿಕ್ಕಿಗೂ ಮುಚ್ಚಿ ತೆರೆಯುತ್ತವೆ, ಮುಚ್ಚುವಾಗಲೆಲ್ಲ ಕೂದಲೆಳೆಯಷ್ಟು ಆಚೀಚೆ ನಿಲ್ಲುತ್ತವೆ. ಒಂಟಿ ಫೋಟೊದಲ್ಲಿ ಯಾರೂ ಗುರುತಿಸಲಾಗದ ಆ ವ್ಯತ್ಯಾಸ ಸಾಲಾಗಿ ಓಡುವಾಗ ಮಿಣುಕಾಟವಾಗುತ್ತದೆ. ಉಂಗುರ ತಿರುಗಿಸಿ ಅಪರ್ಚರ್ ಇಡುವ ಹಳೆಯ ಸಿನಿ ಲೆನ್ಸುಗಳಲ್ಲಿ ಈ ತೊಂದರೆಯೇ ಇರಲಿಲ್ಲ. ಹಾಗೆಂದು ಪೂರ್ತಿ ತೆರೆದೇ ಚಿತ್ರಿಸಿದರೆ ಬೆರಳಿಗೆ ಫೋಕಸ್ ಸಿಕ್ಕಾಗ ಮೊಣಕೈ ಮಸುಕಾಗುತ್ತದೆ. ಬ್ಲೇಡುಗಳನ್ನು ಮುಚ್ಚಿ ಹಿಡಿಯುವ ಪ್ರಿವ್ಯೂ ಗುಂಡಿ ಒತ್ತಿ ಲೆನ್ಸನ್ನು ಸ್ವಲ್ಪ ತಿರುಗಿಸಿ ಕ್ಯಾಮೆರಾದೊಂದಿಗಿನ ವಿದ್ಯುತ್ ಸಂಪರ್ಕ ತಪ್ಪಿಸುವ ಉಪಾಯವನ್ನು ಹಲವರು ಬಳಸುತ್ತಾರೆ, ಆದರೆ ಲಾಕ್ ಆಗದ ಲೆನ್ಸ್ ಕೈ ತಗುಲಿದರೆ ಅಲುಗುತ್ತದೆ. ಆದ್ದರಿಂದ ಎಂ42 ತಿರುಪಿನ ಹಳೆಯ ಹೀಲಿಯೊಸ್ 44-2 ಲೆನ್ಸನ್ನು ಆರಿಸಿಕೊಂಡೆ. ಅದರ ಬ್ಲೇಡುಗಳು ನಾವಿಟ್ಟಲ್ಲೇ ನಿಲ್ಲುತ್ತವೆ.

ಈ ಲೆನ್ಸನ್ನು ಕ್ಯಾಮೆರಾಕ್ಕೆ ಕೂಡಿಸುವ ಅಡಾಪ್ಟರ್ ತರಿಸಿದ್ದು ಮಾತ್ರ ಬೇರೊಂದು ಸಂಕಟ. ಪೊಟ್ಟಣದ ಮೇಲೆ ಕೆನನ್ ಎಂದು ಬರೆದು ಮಾರಾಟಗಾರರು ಒಳಗೆ ನಿಕಾನ್ ಮೌಂಟಿನದನ್ನು ಕಳುಹಿಸಿದರು. ಬದಲಿಯಾಗಿ ಬಂದದ್ದು ಕ್ಯಾಮೆರಾದ ಮೇಲೆ ಸಡಿಲವಾಗಿತ್ತು. ಲೆನ್ಸು ಎಳ್ಳಷ್ಟು ಅಲುಗಿದರೂ ಇಡೀ ದೃಶ್ಯ ಜಿಗಿಯುವ ನಮ್ಮ ಕೆಲಸದಲ್ಲಿ ಇಂಥ ಸರಕನ್ನು ಪರೀಕ್ಷಿಸದೆ ಮಾರುವುದು ಅನ್ಯಾಯ. ಅಂಚಿಗೆ ತೆಳುವಾದ ಟೇಪು ಸುತ್ತಿ ಬಿಗಿಗೊಳಿಸಿ, ಫೋಕಸ್ ಉಂಗುರಕ್ಕೂ ಟೇಪು ಅಂಟಿಸಿದ ಮೇಲೆ ಎಲ್ಲವೂ ಸ್ಥಿರವಾಯಿತು.

ಹೀಗೆ ತೆಗೆದ 120 ಫ್ರೇಮುಗಳ ಶಾಟಿನಲ್ಲಿ ಗ್ರೇ ಕಾರ್ಡಿನ ಮಟ್ಟ ಮೊದಲಿನಿಂದ ಕೊನೆಯವರೆಗೂ ಒಂದೇ ಇದೆ, ಮಿಣುಕಾಟ ಅಳಿಸುವ ಡೀಫ್ಲಿಕರ್ ಸಾಫ್ಟ್‌ವೇರ್ ಮುಟ್ಟುವ ಅಗತ್ಯವೇ ಬೀಳಲಿಲ್ಲ. ಗ್ರಾಫೈಟಿನ ಮಂದ ಹೊಳಪು ತಂತಿಯ ತುದಿಯಲ್ಲಿ ಹರಿಯುವುದನ್ನು ನೋಡಿ ನನಗಾದ ಸಂತೋಷ ಸಣ್ಣದಲ್ಲ. ಮನೆಯ ಸೆಕೆಯಲ್ಲಿ ಅಷ್ಟು ಹೊತ್ತು ತೋಳನ್ನು ಮರದ ಆಸರೆಯ ಮೇಲಿಟ್ಟು ಕುಳಿತ ಗೆಳೆಯನ ತಾಳ್ಮೆಗೆ ಋಣಿಯಾಗಿದ್ದೇನೆ.

ಮುಂದೆ ಮಾಡಬೇಕೆಂದಿರುವುದು ‘ತೆತ್ಸುವೊ’ದಲ್ಲಿ ನಟರು ಹೆಜ್ಜೆಯೆತ್ತದೆ ಗಲ್ಲಿಗಳಲ್ಲಿ ಶರವೇಗದಿಂದ ನುಗ್ಗುವ ದೃಶ್ಯದ ಮಾದರಿ. ನಟ ಒಂದೇ ಭಂಗಿಯಲ್ಲಿ ನಿಂತಿರಬೇಕು, ಪ್ರತಿ ಫ್ರೇಮಿಗೂ ಅವನೂ ಕ್ಯಾಮೆರಾವೂ ಒಟ್ಟಿಗೆ ಮುಂದೆ ಸರಿಯಬೇಕು. ಇಬ್ಬರ ನಡುವಿನ ಅಂತರ ಬದಲಾಗದಂತೆ ಟ್ರೈಪಾಡಿನಿಂದ ಅವನ ಸೊಂಟದ ಬೆಲ್ಟಿಗೆ ದಾರ ಕಟ್ಟುವ ಯೋಚನೆಯಿದೆ. ಬಿಸಿಲು ಸರಿದರೆ ನೆರಳುಗಳು ನೆಗೆಯುವುದರಿಂದ ಮೋಡ ಮುಚ್ಚಿದ ದಿನವೇ ಬೇಕು. ಅದಕ್ಕೂ ಮೊದಲು ಇದೇ ಲೆನ್ಸಿನಲ್ಲಿ ಮೊಣಕೈಯಿಂದ ಭುಜದವರೆಗಿನ ತಂತಿಗಳನ್ನು ಮುಗಿಸಬೇಕು. ಅದಕ್ಕೆ ಬೇಕಾದ ಹಳೆಯ ರೇಡಿಯೊ ಭಾಗಗಳನ್ನು ಗುಜರಿ ಅಂಗಡಿಯಿಂದ ಆಗಲೇ ತಂದಿಟ್ಟಿದ್ದೇನೆ.