ಅಂಗಡೀಲಿ ಸಾವಿರದೈನೂರಕ್ಕೆ ಸಿಗುತ್ತಲ್ಲ, ಇದ್ಯಾಕೆ?

ಪ್ರಶ್ನೆ ಇದು: "ಇಂಟರ್‌ನೆಟ್ ಕಂಪನಿಯವರೇ ಫ್ರೀಯಾಗಿ ರೂಟರ್ ಕೊಡ್ತಾರೆ. ಅದು ಬೇಡ ಅಂದ್ರೆ ಅಂಗಡೀಲಿ ಸಾವಿರದೈನೂರಕ್ಕೆ ಸಿಗುತ್ತೆ. ನೀವು ಸರ್ವರ್ ಪಾರ್ಟ್ಸ್ ತಂದು ಮನೇಲಿ ರೂಟರ್ ಮಾಡ್ಕೊಂಡಿದೀರಂತೆ, ಯಾಕೆ?"

ತುಮಕೂರಿನ ನಮ್ಮ ಮನೆಗೆ ಬಂದು, ಚಪ್ಪಲಿ ಸ್ಟ್ಯಾಂಡಿನ ಮೇಲಿರುವ ಕಪ್ಪು ಡಬ್ಬಿ ನೋಡಿದವರೆಲ್ಲ ಇದನ್ನು ಕೇಳಿದ್ದಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಓದಿಕೊಳ್ಳಿ.

ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ ಅನ್ನುವುದೇ ನನ್ನ ಸಿಟ್ಟು. "ಯಾಕೆ" ಅಂತ ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ "ದುಡ್ಡು ಜಾಸ್ತಿ ಆಗಿರಬೇಕು ಬಿಡಿ" ಅಂತ ತಾವೇ ಹೇಳಿಕೊಂಡು ಕಾಫಿ ಲೋಟಕ್ಕೆ ಕೈ ಹಾಕುತ್ತಾರೆ. ಕೆಲವರದ್ದು ಇನ್ನೊಂದು ಥರ: "ಯಜಮಾನ್ರು ಮಾಡಿಕೊಟ್ರಾ?" ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಾರೆ. ಅವರಿಗೆ ಆ ಡಬ್ಬಿಯ ಪಾಸ್‌ವರ್ಡ್ ಗೊತ್ತಿಲ್ಲ, ತಿಳಿದುಕೊಳ್ಳುವ ಆಸೆಯೂ ಇಲ್ಲ. ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಯೊಂದರ ಸರ್ವರ್ ನೋಡಿಕೊಳ್ಳುವವಳು ನಾನು.

ಸುಲಭದ ಪ್ರಶ್ನೆಗಳನ್ನು ಮೊದಲು ಮುಗಿಸುತ್ತೇನೆ. ಸ್ಪೀಡ್ ಜಾಸ್ತಿ ಆಯ್ತಾ? ಇಲ್ಲ. ನೂರು ಎಂಬಿಪಿಎಸ್‌ಗೆ ದುಡ್ಡು ಕಟ್ಟಿದರೆ ನೂರೇ ಬರುವುದು. ದುಡ್ಡು ಉಳಿಯಿತಾ? ಇಲ್ಲ, ಕೈಯಿಂದಲೇ ಹೋಯಿತು. ಓವರ್‌ಕಿಲ್ ಅಲ್ವಾ? ಹೌದು. ಇದನ್ನು ಕೇಳುವುದು ನನ್ನ ತಮ್ಮ ಮತ್ತು ಅವನ ಫ್ರೆಂಡ್ಸು. ಎಂಟು ಕೋರಿನ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕಕ್ಕೆ ಕೋರ್ ಅಂತಾರೆ) ಫೋನಿನಲ್ಲಿ ಇಡೀ ದಿನ ರೀಲ್ಸ್ ನೋಡುವವರು. ನನ್ನ ಡಬ್ಬಿಯಲ್ಲಿ ಇರುವುದು ನಾಲ್ಕೇ ಕೋರ್, ಮತ್ತು ಅವು ಕೆಲಸ ಮಾಡುತ್ತವೆ.

ಸರ್ವರ್ ಅಂದ ಕೂಡಲೇ ಜನ ಬೀರುವಿನೆತ್ತರದ ಕಬ್ಬಿಣದ ರ‍್ಯಾಕ್ ಅಂದುಕೊಳ್ಳುತ್ತಾರೆ. ಇದು ಸೂಪರ್‌ಮೈಕ್ರೋ ಕಂಪನಿಯ, ಮಿನಿ ಐಟಿಎಕ್ಸ್ ಅನ್ನುವ ಸಣ್ಣ ಅಳತೆಯ ಮದರ್‌ಬೋರ್ಡ್. ಉದ್ದ 17 ಸೆಂಟಿಮೀಟರ್, ಅಗಲ 17 ಸೆಂಟಿಮೀಟರ್. ಇಂಟೆಲ್ ಆಟಮ್ ಸಿ2558 ಅನ್ನುವ ಚಿಪ್ ಬೋರ್ಡಿಗೇ ಬೆಸುಗೆಯಾಗಿ ಬರುತ್ತದೆ. 2013ರಲ್ಲಿ ಬಂದ ಪೀಳಿಗೆಯದು, 15 ವ್ಯಾಟಿನದು. ಹಗಲು ರಾತ್ರಿ ಆನ್ ಆಗಿದ್ದು ಕಡಿಮೆ ಕರೆಂಟಿನಲ್ಲಿ ಪ್ಯಾಕೆಟ್ (ಇಂಟರ್‌ನೆಟ್‌ನಲ್ಲಿ ಓಡಾಡುವ ಡೇಟಾದ ತುಂಡುಗಳು) ಸಾಗಿಸುವ ಡಬ್ಬಿಗಳಿಗೆ ಅಂತಲೇ ಮಾಡಿದ ಜಾತಿ. ಬೋರ್ಡಿನ ಮೇಲೇ ನಾಲ್ಕು ಗಿಗಾಬಿಟ್ ಪೋರ್ಟ್ ಇವೆ. ಐದನೆಯದು ಐಪಿಎಂಐ ಪೋರ್ಟ್: ಮಾನಿಟರು, ಕೀಬೋರ್ಡು ಜೋಡಿಸದೆ ಲ್ಯಾಪ್‌ಟಾಪಿನಲ್ಲೇ ಇದರ ಸ್ಕ್ರೀನ್ ನೋಡಬಹುದು, ಆಫ್ ಆಗಿದ್ದರೆ ಆನ್ ಮಾಡಬಹುದು. ಅದನ್ನು ಮಾತ್ರ ಯಾವ ಕಾರಣಕ್ಕೂ ಹೊರಗಿನ ಇಂಟರ್‌ನೆಟ್‌ಗೆ ತೋರಿಸಬಾರದು. ಮೆಮೊರಿ ಇಸಿಸಿ, ಅಂದರೆ ಒಂದು ಬಿಟ್ ಹೆಚ್ಚುಕಮ್ಮಿಯಾದರೆ ತಾನೇ ಸರಿಮಾಡಿಕೊಳ್ಳುತ್ತದೆ. ಕರೆಂಟಿಗೆ 12 ವೋಲ್ಟಿನ ಅಡಾಪ್ಟರ್, ಜೊತೆಗೆ ಬೋರ್ಡಿನ 24 ಪಿನ್ ಸಾಕೆಟ್ಟಿಗೆ ನೇರವಾಗಿ ಕೂರುವ ಪಿಕೋ ಪಿಎಸ್‌ಯು ಅನ್ನುವ ಒಂದು ಪುಟಾಣಿ ಪವರ್ ಸಪ್ಲೈ.

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಇಂಥ ಬೋರ್ಡ್ ಸೆಕೆಂಡ್ ಹ್ಯಾಂಡ್ ಹುಡುಕಲು ಹೋಗುವವರಿಗೆ ಒಂದು ಮಾತು. ಈ ಸಿ2000 ಸರಣಿಯ ಹಳೆಯ ಚಿಪ್‌ಗಳಲ್ಲಿ ಒಂದು ದೋಷವಿತ್ತು. ಕ್ಲಾಕ್ ಸಿಗ್ನಲ್ (ಬೋರ್ಡಿನ ಭಾಗಗಳೆಲ್ಲ ಹೆಜ್ಜೆ ಹಾಕುವ ತಾಳ) ಕೊಡುವ ಒಂದು ಭಾಗ ಕಾಲ ಕಳೆದಂತೆ ಸೊರಗಿ, ಒಂದು ದಿನ ಬೋರ್ಡ್ ಬೂಟ್ ಆಗುವುದನ್ನೇ ನಿಲ್ಲಿಸುತ್ತದೆ. ಇಂಟೆಲ್ 2017ರ ಆರಂಭದಲ್ಲಿ ಇದನ್ನು ಎವಿಆರ್54 ಅನ್ನುವ ಹೆಸರಿನಲ್ಲಿ ತನ್ನ ದೋಷಪಟ್ಟಿಗೆ ಸೇರಿಸಿತು. ಆಮೇಲಿನ ಸಿ0 ಸ್ಟೆಪಿಂಗ್‌ನಲ್ಲಿ, ಅಂದರೆ ಅದೇ ಚಿಪ್ಪಿನ ತಿದ್ದಿದ ಆವೃತ್ತಿಯಲ್ಲಿ, ಸರಿಪಡಿಸಿದರು. "ಚೆನ್ನಾಗಿ ಓಡ್ತಿದೆ ಮೇಡಂ" ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ. ಕೆಡುವ ಹಿಂದಿನ ದಿನದವರೆಗೂ ಅದು ಚೆನ್ನಾಗಿಯೇ ಓಡುತ್ತದೆ.

ಇನ್ನು ಕರೆಂಟಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದ್ರೆ ಇದರಿಂದ ಮನೆಯಲ್ಲಿ ನನ್ನ ಮರ್ಯಾದೆ ಹೋಗಿದೆ.

ಡಬ್ಬಿ ಬಂದ ವರ್ಷದ ವರಮಹಾಲಕ್ಷ್ಮಿ ಹಬ್ಬಕ್ಕೆ ಗುಬ್ಬಿಯಿಂದ ಯಜಮಾನರ ದೊಡ್ಡಪ್ಪ ಬಂದಿದ್ದರು. ಕೆಇಬಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. (ಬೆಸ್ಕಾಂ ಆಗಿದ್ದು 2002ರಲ್ಲಿ. ಅವರ ಬಾಯಲ್ಲಿ ಇನ್ನೂ ಕೆಇಬಿಯೇ.) ಡಬ್ಬಿಯ ಮುಂದೆ ನಿಂತು ಕೇಳಿದರು.

"ಏನಮ್ಮ ಇದು, ಇನ್ವರ್ಟರಾ?"

"ಅಲ್ಲ ಮಾವ, ಇಂಟರ್‌ನೆಟ್ ಬಾಕ್ಸು. ನಾನೇ ಮಾಡಿದ್ದು."

"ಎಷ್ಟು ವ್ಯಾಟು?"

ನನಗೆ ಎಷ್ಟು ಖುಷಿಯಾಯಿತು ಅಂದರೆ, ಬಡಿಸುವುದನ್ನು ಬಿಟ್ಟು ಪವರ್ ಮೀಟರ್ ತಂದು ಪ್ಲಗ್ಗಿಗೆ ಹಾಕಿ ತೋರಿಸಿದೆ. 18 ಅಂತ ತೋರಿಸಿತು. ಆಗಾಗ 19ಕ್ಕೆ ಹೋಗಿ ಮತ್ತೆ ಇಳಿಯುತ್ತಿತ್ತು. ಮಾವ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ಆ ಕಡೆ ಅವರ ಎಲೆಯಲ್ಲಿ ಹೋಳಿಗೆ ಆರುತ್ತಿದೆ, ಇವರು ಬೆರಳ ಗೆಣ್ಣು ಮುಟ್ಟಿಕೊಂಡು ಲೆಕ್ಕ ಹಾಕುತ್ತಿದ್ದಾರೆ.

"ದಿನಕ್ಕೆ ನಾನೂರ ಮೂವತ್ತೆರಡು ವ್ಯಾಟ್ ಅವರ್. ತಿಂಗಳಿಗೆ ಹದಿಮೂರು ಯೂನಿಟ್. ಕಂಪನಿ ಡಬ್ಬಿ ಎಷ್ಟು ತಿಂತಿತ್ತು?"

"ಎಂಟು ವ್ಯಾಟ್ ಮಾವ."

"ಆರು ಯೂನಿಟ್ ಹತ್ರ. ಹಂಗಾದ್ರೆ ಏಳು ಯೂನಿಟ್ ಜಾಸ್ತಿ. ನಿಮ್ಮನೆ ಗೃಹಜ್ಯೋತಿ ಲಿಮಿಟ್ ಎಷ್ಟಮ್ಮ?"

ಹಾಲ್‌ನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಗೃಹಜ್ಯೋತಿಯ ಲೆಕ್ಕ ಎಲ್ಲರಿಗೂ ಬಾಯಿಪಾಠ: 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದಿರೋ ಅದರ ಮೇಲೆ ನೂರಕ್ಕೆ ಹತ್ತರಷ್ಟು ಸೇರಿಸಿ, ಅಷ್ಟು ಫ್ರೀ. ದಾಟಿದ ಯೂನಿಟ್‌ಗೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅವತ್ತಿನಿಂದ ಬಿಲ್ ಬಂದಾಗಲೆಲ್ಲ ಅತ್ತೆ ಆ ಏಳು ಯೂನಿಟ್ಟಿನ ಮಾತು ತೆಗೆಯುತ್ತಾರೆ. ಬಚ್ಚಲುಮನೆಯ ಗೀಸರ್ 2,000 ವ್ಯಾಟು, ಅರ್ಧ ಗಂಟೆಗೆ ಒಂದು ಯೂನಿಟ್. ನನ್ನ ಡಬ್ಬಿ ಒಂದು ಯೂನಿಟ್ ಮುಗಿಸಲು ಎರಡು ದಿನ ದಾಟುತ್ತದೆ. ಗೀಸರನ್ನು ಯಾರೂ ಕೇಳುವುದಿಲ್ಲ. ಪಾವಗಡದ ಬಿಸಿಲಿನಿಂದ 2,050 ಮೆಗಾವ್ಯಾಟ್ ತೆಗೆಯುವ ಜಿಲ್ಲೆಯಲ್ಲಿ ಕೂತು ಏಳು ಯೂನಿಟ್‌ಗೆ ಬೈಸಿಕೊಳ್ಳುತ್ತಿದ್ದೇನೆ.

ಆದರೂ ಮಾವ ಕೇಳಿದ್ದು ಸರಿಯಾದ ಪ್ರಶ್ನೆ. ಹಳೆಯ ಡೆಸ್ಕ್‌ಟಾಪ್‌ನಿಂದಲೂ ರೂಟರ್ ಮಾಡಬಹುದು, ತುಂಬಾ ಜನ ಮಾಡುತ್ತಾರೆ. ಅದು 60 ವ್ಯಾಟ್ ತಿಂದರೆ ತಿಂಗಳಿಗೆ 43 ಯೂನಿಟ್. ಎಂದೂ ಆರದ ಯಂತ್ರಕ್ಕೆ ಒಂದೊಂದು ವ್ಯಾಟೂ ಲೆಕ್ಕವೇ. ಕಡಿಮೆ ವ್ಯಾಟ್ ಆದರೆ ಕರೆಂಟ್ ಹೋದಾಗ ಸಣ್ಣ ಯುಪಿಎಸ್‌ನಲ್ಲೂ ಜಾಸ್ತಿ ಹೊತ್ತು ಓಡುತ್ತದೆ. ಗೋಡೆಯ ಮೇಲಿನ ಫೈಬರ್ ಡಬ್ಬಿಯನ್ನೂ ಅದೇ ಯುಪಿಎಸ್‌ಗೆ ಹಾಕಬೇಕು, ಇಲ್ಲಾಂದ್ರೆ ಏನೂ ಉಪಯೋಗ ಇಲ್ಲ.

ಅಂದ ಹಾಗೆ, ಆ 18 ವ್ಯಾಟಿನಲ್ಲಿ ಒಂದು ಫ್ಯಾನೂ ಸೇರಿದೆ. ಬೋರ್ಡಿನ ಹೀಟ್‌ಸಿಂಕ್ (ಚಿಪ್ಪಿನ ಬಿಸಿ ಹೀರುವ ಲೋಹದ ತುಂಡು) ಮೇಲೆ ಫ್ಯಾನ್ ಇರುವುದಿಲ್ಲ. ಹಾಗಂತ ಗಾಳಿ ಬೇಡ ಅಂತಲ್ಲ, ಸರ್ವರ್ ಕೇಸಿನೊಳಗೆ ಸದಾ ಗಾಳಿ ನುಗ್ಗುತ್ತಿರುತ್ತದೆ ಅನ್ನುವ ನಂಬಿಕೆಯ ಮೇಲೆ ಅದನ್ನು ಮಾಡಿರುತ್ತಾರೆ. ತುಮಕೂರಿನ ಏಪ್ರಿಲ್ ಬಿಸಿಲಿಗೆ ನಿಧಾನವಾಗಿ ತಿರುಗುವ, ಸದ್ದಿಲ್ಲದ ಫ್ಯಾನ್ ಒಂದನ್ನು ಹಾಕಿದೆ. ಬೋರ್ಡಿಗೆ ಅದು ಹಿಡಿಸಲಿಲ್ಲ. ಸರ್ವರ್ ಬೋರ್ಡ್ ಅಲ್ವಾ, ಫ್ಯಾನ್ ಇಷ್ಟು ನಿಧಾನ ತಿರುಗಿದರೆ ಕೆಟ್ಟುಹೋಗಿದೆ ಅಂತಲೇ ಅದರ ಲೆಕ್ಕ. ಗಾಬರಿಯಾಗಿ ಫುಲ್ ಸ್ಪೀಡಿಗೆ ಓಡಿಸುತ್ತದೆ. ಫ್ಯಾನ್ ಜೋರಾದ ಕೂಡಲೇ "ಓಹೋ, ಸರಿಯಾಯಿತು" ಅಂತ ಇಳಿಸುತ್ತದೆ. ಇಳಿದ ಕೂಡಲೇ ಮತ್ತೆ ಗಾಬರಿ. ಅತ್ತೆ ಸಂಧ್ಯಾದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಬುಸ್ಸ್ ಅನ್ನುತ್ತಿತ್ತು. ಐಪಿಎಂಐ ಮೂಲಕ ಫ್ಯಾನಿನ ಕೆಳಮಿತಿಯನ್ನು ಇಳಿಸಿದ ಮೇಲೆ ಸುಮ್ಮನಾಯಿತು.

ಕಂಪನಿಯಿಂದ ಬಂದ ಲೈನ್ ಹುಡುಗನದ್ದೂ ಅದೇ ಪ್ರಶ್ನೆ. ಫೈಬರ್ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿ, ಪಿಪಿಪಿಒಇ (ಕಂಪನಿಯ ಲೈನಿಗೆ ಲಾಗಿನ್ ಆಗುವ ವಿಧಾನ) ಯೂಸರ್ ಐಡಿ, ಪಾಸ್‌ವರ್ಡ್ ಕೊಡಪ್ಪ ಅಂದೆ. ಅಂದರೆ ಅದು ಬೆಳಕನ್ನು ಸಿಗ್ನಲ್ ಮಾಡಿ ಕೊಟ್ಟರೆ ಸಾಕು, ಲಾಗಿನ್, ಫೈರ್‌ವಾಲ್ (ಹೊರಗಿನಿಂದ ನುಗ್ಗುವವರನ್ನು ತಡೆಯುವ ಕಾವಲು) ಎಲ್ಲ ನನ್ನ ಡಬ್ಬಿ ನೋಡಿಕೊಳ್ಳುತ್ತದೆ. "ಯಾರೂ ಕೇಳಲ್ಲ ಮೇಡಂ ಇದನ್ನ" ಅಂದ, ಆದರೂ ಮಾಡಿಕೊಟ್ಟ. ಹೋಗುವಾಗ ನನ್ನ ಡಬ್ಬಿಯನ್ನು ಸುತ್ತ ನೋಡಿ "ಇದರ ಆಂಟೆನಾ ಎಲ್ಲಿ?" ಅಂದ. ಆಂಟೆನಾ ಇಲ್ಲ. ರೂಟರ್ ಬೇರೆ, ವೈಫೈ ಬೇರೆ. ಅಂಗಡಿಯವರು ಎರಡನ್ನೂ ಒಂದೇ ಡಬ್ಬಿಗೆ ತುಂಬಿ ಮಾರುತ್ತಾರೆ, ಅಷ್ಟೇ. ಮನೆಯಲ್ಲಿದ್ದ ಹಳೆಯ ವೈಫೈ ರೂಟರಿನಲ್ಲಿ ಡಿಎಚ್‌ಸಿಪಿ (ಮನೆಯ ಫೋನು, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಅದರ ಲ್ಯಾನ್ ಪೋರ್ಟಿಗೆ ಇದರ ಕೇಬಲ್ ಚುಚ್ಚಿದ್ದೇನೆ. ಈಗ ಅದು ಬರೀ ವೈಫೈ ಹಂಚುತ್ತದೆ.

ಹಾಗಾದರೆ ಲಾಭ ಏನು? ಒಂದು ಲಾಭ ಮನೆಯವರಿಗೂ ಗೊತ್ತಾಗಿದೆ. ಮೊದಲು ಯಾರದ್ದಾದರೂ ಫೋನ್ ಫೋಟೋ ಬ್ಯಾಕಪ್ ಶುರುಮಾಡಿದರೆ ನನ್ನ ಮೀಟಿಂಗ್ ನಿಂತುಹೋಗುತ್ತಿತ್ತು. ಸ್ಪೀಡ್ ಟೆಸ್ಟ್ ಮಾಡಿದರೆ ನೂರು ತೋರಿಸುತ್ತಿತ್ತು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಂತಿದ್ದೀರಿ, ಮುಂದಿರುವವನು ಐವತ್ತು ಪಾರ್ಸಲ್ ಹೇಳಿದ ಅಂದುಕೊಳ್ಳಿ. ನಿಮಗೆ ಬೇಕಿರುವುದು ಒಂದೇ ಪ್ಲೇಟ್. ಅಡುಗೆಮನೆ ಎಷ್ಟೇ ಚುರುಕಾಗಿದ್ದರೂ ನೀವು ಕಾಯಲೇಬೇಕು. ರೂಟರಿನೊಳಗಿನ ಕ್ಯೂನಲ್ಲೂ ಇದೇ ಆಗುತ್ತದೆ, ಇದನ್ನು ಬಫರ್‌ಬ್ಲೋಟ್ ಅನ್ನುತ್ತಾರೆ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಕೋಡೆಲ್ ಅನ್ನುವ ಉಪಾಯ ಪ್ರಕಟಿಸಿದರು. ಅದರ ಮೇಲೆ ಕಟ್ಟಿದ ಎಫ್‌ಕ್ಯೂ ಕೋಡೆಲ್ ಪ್ರತಿಯೊಂದು ಕೆಲಸಕ್ಕೂ ಬೇರೆ ಸಾಲು ಮಾಡಿ, ಸರದಿಯ ಮೇಲೆ ಬಿಡುತ್ತದೆ. ನನ್ನ ಡಬ್ಬಿ ಅದನ್ನು ಮಾಡುತ್ತದೆ. ಅತ್ತೆ ಧಾರಾವಾಹಿ ನೋಡುತ್ತಾರೆ, ಮಗಳು ಪ್ರಾಜೆಕ್ಟ್ ವಿಡಿಯೋ ಅಪ್‌ಲೋಡ್ ಮಾಡುತ್ತಾಳೆ, ನನ್ನ ಮೀಟಿಂಗೂ ನಡೆಯುತ್ತದೆ.

ಆದರೆ ನಾನು ಈ ಡಬ್ಬಿ ಮಾಡಿದ್ದು ಮೀಟಿಂಗಿಗಾಗಿ ಅಲ್ಲ. ಜನ ಕೇಳಬೇಕಾದ ಪ್ರಶ್ನೆ ಬೇರೆ ಇದೆ, ಅದನ್ನು ಒಬ್ಬರೂ ಕೇಳಿಲ್ಲ: "ನಮ್ಮನೆ ರೂಟರ್‌ಗೆ ಕೊನೆಗೆ ಅಪ್‌ಡೇಟ್ ಬಂದಿದ್ದು ಯಾವಾಗ?"

ಫೋನ್‌ಗೆ ಅಪ್‌ಡೇಟ್ ಬರಲಿಲ್ಲ ಅಂದರೆ ಹೊಸ ಫೋನ್ ತಗೊಳ್ಳುತ್ತೀರಿ. ರೂಟರೂ ಒಂದು ಕಂಪ್ಯೂಟರೇ. ಮನೆಯಲ್ಲಿ ಎಂದೂ ಆಫ್ ಆಗದ, ನೇರವಾಗಿ ಹೊರಗಿನ ಇಂಟರ್‌ನೆಟ್‌ಗೆ ಮುಖ ಮಾಡಿ ಕೂತ ಕಂಪ್ಯೂಟರು. ಅದಕ್ಕೆ ಧೂಳು ಒರೆಸುವುದು ಬಿಟ್ಟು ಬೇರೆ ಏನೂ ಮಾಡುವುದಿಲ್ಲ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ (ಕೇಡು ಮಾಡುವ ಸಾಫ್ಟ್‌ವೇರ್), ಕಂಪನಿಯಿಂದ ಬಂದ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ರೂಟರ್‌ಗಳನ್ನೇ ಸೈನ್ಯ ಮಾಡಿಕೊಂಡು ಅಮೆರಿಕದ ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನು ಗಂಟೆಗಟ್ಟಲೆ ನಿಲ್ಲಿಸಿತು. 2017ರ ಜುಲೈನಲ್ಲಿ ನಮ್ಮ ಕರ್ನಾಟಕದಲ್ಲೇ ಸಾವಿರಾರು ಮೋಡೆಮ್‌ಗಳು ಮಾಲ್‌ವೇರ್ ಹೊಕ್ಕು ಕೆಲಸ ನಿಲ್ಲಿಸಿದವು. ಅಲ್ಲೂ ಕಾರಣ ಅದೇ, ಅಡ್ಮಿನ್ ಅಂತ ಹೆಸರು, ಅಡ್ಮಿನ್ ಅಂತಲೇ ಪಾಸ್‌ವರ್ಡ್. 2018ರಲ್ಲಿ ವಿಪಿಎನ್‌ಫಿಲ್ಟರ್ ಅನ್ನುವ ಇನ್ನೊಂದು ಮಾಲ್‌ವೇರ್ 54 ದೇಶಗಳಲ್ಲಿ ಕನಿಷ್ಠ ಐದು ಲಕ್ಷ ಡಬ್ಬಿಗಳಿಗೆ ಹೊಕ್ಕಾಗ ಅಮೆರಿಕದ ಎಫ್‌ಬಿಐ ಜನರಿಗೆ ಕೊಟ್ಟ ಸಲಹೆ, ರೂಟರ್ ಆಫ್ ಮಾಡಿ ಆನ್ ಮಾಡಿ ಅಂತ. ನಮ್ಮ ಲೈನ್ ಹುಡುಗನೂ ಫೋನಿನಲ್ಲಿ ಅದನ್ನೇ ಹೇಳುವುದು.

ನನ್ನ ಡಬ್ಬಿಯಲ್ಲಿರುವುದು ಓಪಿಎನ್‌ಸೆನ್ಸ್ ಅನ್ನುವ ರೂಟರ್ ಸಾಫ್ಟ್‌ವೇರ್. 2004ರಲ್ಲಿ ಶುರುವಾದ ಪಿಎಫ್‌ಸೆನ್ಸ್‌ನಿಂದ 2015ರಲ್ಲಿ ಕವಲೊಡೆದದ್ದು. ಎರಡೂ ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್ ಮೇಲೆ ನಿಂತಿವೆ. ವರ್ಷಕ್ಕೆ ಎರಡು ದೊಡ್ಡ ಆವೃತ್ತಿ, ಜನವರಿಗೊಂದು, ಜುಲೈಗೊಂದು. ಮಧ್ಯೆ ಸಣ್ಣ ಸಣ್ಣ ಅಪ್‌ಡೇಟ್ ಬರುತ್ತಲೇ ಇರುತ್ತವೆ. ಬೋರ್ಡ್ ತಯಾರಿಸಿದವರು ಮರೆತರೂ, ಅಂಗಡಿಯವರು ಬಾಗಿಲು ಹಾಕಿದರೂ ನನ್ನ ರೂಟರ್‌ನ ಸಾಫ್ಟ್‌ವೇರ್ ಹಳತಾಗುವುದಿಲ್ಲ. ಹತ್ತು ವರ್ಷ ದಾಟಿದ ಚಿಪ್ಪಿನ ಮೇಲೆ ಈ ವರ್ಷದ ಫೈರ್‌ವಾಲ್ ಓಡುತ್ತಿದೆ. ಏಳು ಯೂನಿಟ್ ಹೋಗುತ್ತಿರುವುದು ಇದಕ್ಕೆ.

ನೀವೂ ಹೀಗೇ ಮಾಡಿ ಅಂತ ಖಂಡಿತ ಹೇಳುತ್ತಿಲ್ಲ. ನಾನು ಊರಲ್ಲಿಲ್ಲದಾಗ ಇದು ಕೆಟ್ಟರೆ ಅಂತ ಡಬ್ಬಿಯ ಪಕ್ಕ ಕಂಪನಿಯ ಹಳೆಯ ರೂಟರನ್ನು ಸೆಟ್ ಮಾಡಿಟ್ಟು, ಮೇಲೊಂದು ಚೀಟಿ ಅಂಟಿಸಿದ್ದೇನೆ: "ಹಳದಿ ವೈರು ಕಿತ್ತು ಇದಕ್ಕೆ ಚುಚ್ಚಿ. ಸ್ವಿಚ್ ಹಾಕಿ. ಐದು ನಿಮಿಷ ಕಾಯಿರಿ. ನನಗೆ ಫೋನ್ ಮಾಡಬೇಡಿ." ಇಷ್ಟೆಲ್ಲ ಯಾಕೆ ಬೇಕು ನಿಮಗೆ? ಇವತ್ತು ಸಂಜೆ ನಿಮ್ಮ ರೂಟರ್ ಮಗುಚಿ ಸ್ಟಿಕರ್ ಮೇಲಿನ ಮಾಡೆಲ್ ನಂಬರ್ ನೋಡಿ. ತಯಾರಕರ ವೆಬ್‌ಸೈಟಿನಲ್ಲಿ ಅದರ ಕೊನೆಯ ಫರ್ಮ್‌ವೇರ್ (ರೂಟರಿನೊಳಗಿನ ಸಾಫ್ಟ್‌ವೇರ್) ಯಾವ ವರ್ಷದ್ದು ಅಂತ ಹುಡುಕಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೂಟರಿನ ಸೆಟ್ಟಿಂಗ್ ಬದಲಿಸುವ ದಾರಿ) ಆಫ್ ಮಾಡಿ. ಅಪ್‌ಡೇಟ್ ನಿಂತುಹೋಗಿದ್ದರೆ ಆ ಮಾಡೆಲ್‌ಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಫ್ರೀ ರೂಟರ್ ಸಾಫ್ಟ್‌ವೇರ್ ಸಿಗುತ್ತಾ ನೋಡಿ. ಅದೂ ಇಲ್ಲದಿದ್ದರೆ ಹೊಸದು ತಗೊಳ್ಳಿ, ಸಾವಿರದೈನೂರಕ್ಕೆ ಸಿಗುತ್ತಲ್ಲ.

ಇವತ್ತು ಹೊಸದಾಗಿ ಮಾಡುವುದಾದರೆ ಇದೇ ಬೋರ್ಡ್ ತಗೊಳ್ತೀರಾ ಅಂತ ಯಾರಾದರೂ ಕೇಳಿದರೆ, ಅದೂ ಒಳ್ಳೆಯ ಪ್ರಶ್ನೆ. ಇಂಟೆಲ್‌ನ ಎನ್100 ಅಂತ ಒಂದು ಚಿಪ್ ಇದೆ, 2023ರಿಂದ ಸಿಗುತ್ತಿದೆ. ಅದೂ ನಾಲ್ಕು ಕೋರಿನದೇ, ಬರೀ 6 ವ್ಯಾಟಿನದು. ಗುಬ್ಬಿ ಮಾವನಿಗೆ ಮಾತ್ರ ಇದನ್ನು ಯಾರೂ ಹೇಳಬೇಡಿ.